ಎರ್ರಿಯಪ್ಪನ ಹೆಸರು ಹಿಡಿದು

ಕಂಪ್ಲಿ
5 ಸೆಪ್ಟೆಂಬರ್ 2023

ತಮ್ಮ ಹುಲಿಗೇಶನಿಗೆ ಅಕ್ಕ ಸುಂಕಲಮ್ಮನ ಆಶೀರ್ವಾದ.

ನಾನು ಆರಾಮ ಅದೀನಿ. ನೀನು ಹೆಂಗದೀಯೋ ದೇವರಿಗೇ ಗೊತ್ತು. "ಊಟ ಆತು, ಮಲಗಿದೆ" ಅಂತ ಎರಡು ಮಾತು ಬರದ್ರ ಅದು ಪತ್ರ ಏನಲೇ? ಬಳ್ಳಾರಿ ಜೈಲಿನಾಗ ಮಾತಿಗೂ ರೇಷನ್ ಐತೇನು?

ಈ ಪತ್ರದ ಜೊತಿಗೆ ದಿನದ ವಾಚನದ ಪುಸ್ತಕ ಕಳಿಸೀನಿ. ನಮ್ಮ ಗುಡಿಯಾಗ, ಚರ್ಚಿನಾಗಪ್ಪ, ಎಲ್ಲಾರಿಗೂ ಕೊಟ್ರು. ದಿನಕ್ಕೊಂದು ಕೀರ್ತನೆ ಇರ್ತದ. ಮುಂಜಾನೆ ಎದ್ದು ನಾ ಇಲ್ಲಿ ಓದ್ತೀನಿ, ನೀ ಅಲ್ಲಿ ಓದು. ಓದಿದ ಮ್ಯಾಲ ಅವ್ವ ಹೇಳಿಕೊಟ್ಟಂಗ ಒಬ್ಬರ ಹೆಸರು ಹಿಡಿದು ಪ್ರಾರ್ಥನೆ ಮಾಡಬೇಕು. ನೆನಪೈತಿಲ್ಲೋ? ನಮ್ಮವ್ವ ದುರುಗವ್ವ ಬಂಡ್ರಿ ಗಣಿಯಾಗ ಅದಿರು ಹೊತ್ತು ಬಂದು, ಕೆಂಪು ಧೂಳು ಮೈಯಾಗ ಇರೋವಾಗ್ಲೇ ಕುಂದ್ರಿಸಿ ಹೇಳೋಳು: "ದೇವರಿಗೆ ಸುತ್ತಿ ಬಳಸಿ ಹೇಳಬ್ಯಾಡ್ರಿ. ಹೆಸರು ಹೇಳ್ರಿ." ಹುಲಿಗೆಮ್ಮಗ ಹರಕಿ ಹೊತ್ತು ನಿನ್ನ ಹಡೆದು, ಆಮೇಲೆ ಏಸುಸ್ವಾಮಿಗೆ ಒಪ್ಪಿಸಿದಾಕಿ ಅಲ್ಲೇನು, ಇಬ್ಬರ ಹತ್ರಾನೂ ಲೆಕ್ಕ ಚೊಕ್ಕ ಇಟ್ಟಿದ್ಲು.

ನೀನು ಎರ್ರಿಯಪ್ಪನ ಹೆಸರು ಹಿಡಿ. ಸಿಟ್ಟು ಮಾಡಬ್ಯಾಡ, ಪೂರ್ತಿ ಓದು. ಅವ ನನ್ನ ಗಂಡ. ಐದು ತಿಂಗಳ ಹೊಟ್ಟಿಗೆ ಒದ್ದದ್ದು ನನಗ, ನಿನಗಲ್ಲ. ನೀನು ಮಚ್ಚು ಹಿಡಕೊಂಡು ಓಡಿ ಅವನ ಕಾಲು ಕಡದಿ. ಆ ಕಾಲು ಮೊಣಕಾಲಿನ ಕೆಳಗ ತೆಗೆದ್ರು. ನೀ ಒಳಗ ಹೋದಿ. ಆದದ್ದು ಆತು. ಈಗ ಸಿಟ್ಟು ಇಟ್ಟುಕೊಂಡು ನಿನ್ನ ಎದಿ ಸುಟ್ಟುಕೋಬ್ಯಾಡ. ಭಾನುವಾರದ ಕೀರ್ತನೆ ಅರವತ್ತಮೂರು ಇತ್ತು. ನೀರಿಲ್ಲದ ನೆಲ ಬಾಯಿ ಬಿಟ್ಟಂಗ ನನ್ನ ಜೀವ ನಿನಗ ಹಂಬಲಿಸ್ತದ ದೇವರೇ ಅಂತ ಬರ್ತದ. ಓದಿ ಭಾಳ ಅತ್ತೆ. ಪುಸ್ತಕದಾಗ ಎಂಟನೇ ವಚನದ ತನಕ ಐತಿ.

ಎರ್ರಿಯಪ್ಪನ ಅವ್ವ ಅವನ್ನ ಕರಕೊಂಡು ಹೋದಳಂತ. ಎಲ್ಲಿ ಅದಾನೋ ಗೊತ್ತಿಲ್ಲ. ನಾನು ರೈಸ್‌ಮಿಲ್ಲಿನ ಹಿಂದ ರೂಮು ಮಾಡಿ ಒಬ್ಬಾಕೀನೇ ಅದೀನಿ. ಫೋನು ನೀರಾಗ ಬಿತ್ತು. ನೋಡಾಕ ಬರಬೇಕಂದ್ರ ಮಿಲ್ಲಿನಾಗ ರಜ ಕೊಡವಲ್ರು.

ನಿನ್ನ ಅಕ್ಕ
ಸುಂಕಲಮ್ಮ


ಬಳ್ಳಾರಿ ಜೈಲು
20 ಸೆಪ್ಟೆಂಬರ್ 2023

ಅಕ್ಕಗ ಹುಲಿಗೇಶ್ ಮಾಡುವ ನಮಸ್ಕಾರ.

ನಿನ್ನ ತಲಿಯಾಗ ಏನು ಐತಿ ಮಾರಾಯ್ತಿ? ಮಚ್ಚು, ಕಾಲು ಅಂತ ಎಲ್ಲಾ ಬರದೀದಿ. ಇಲ್ಲಿ ಒಳಗ ಬರೋ, ಹೊರಗ ಹೋಗೋ ಪತ್ರ ಎಲ್ಲಾ ಸಾಹೇಬ್ರು ಓದ್ತಾರ. ನಿನ್ನ ಪತ್ರ ಕೊಡೋವಾಗ ನಕ್ಕು, "ನಿನ್ನ ಅಕ್ಕನ್ನ ಸರ್ಕಾರಿ ವಕೀಲರು ಮಾಡಬೇಕಲೇ" ಅಂದ್ರು. ಕೇಸಿನ ಮಾತು ಇನ್ನೊಮ್ಮೆ ಬರಿಬ್ಯಾಡ.

ಪತ್ರದಾಗ ಏನು ಬರೀಲಿ? ಸ್ನಾನದ ಪಾಳಿಗೆ ಜಗಳ ಆಗಿ ಒಬ್ಬ ಇನ್ನೊಬ್ಬನ ಮಾರಿಗೆ ಸ್ಟೀಲ್ ತಾಟಿನಿಂದ ಹೊಡದ. ಮೂಗು ಒಡದು ತೊಟ್ಟಿ ನೀರೆಲ್ಲಾ ಕೆಂಪಾತು. ಅದೇ ನೀರು ಚೆಲ್ಲಿ, ತೊಟ್ಟಿ ತೊಳದು, ನಾವೆಲ್ಲಾ ಮೈ ತೊಳಕೊಂಡ್ವಿ. ಇಂಥಾವು ಬೇಕೇನು ನಿಂಗ? ಅದಕ್ಕ "ಊಟ ಆತು" ಅಂತ ಬರೀತೀನಿ.

ಪುಸ್ತಕ ಮುಟ್ಟಿತು. ಮುಂಜಾನೆ ಓದಾಕ ಹತ್ತೀನಿ. ನಿನ್ನ ಮಾತಿಗೆ ಇಲ್ಲ ಅನ್ನಂಗಿಲ್ಲ, ಅವನ ಹೆಸರೂ ಹಿಡಿದೆ. ಆದ್ರ ನಿನ್ನ ಪುಸ್ತಕದಾಗ ಕೀರ್ತನೆ ಪೂರ್ತಿ ಇಲ್ಲಕ್ಕ. ಇಲ್ಲಿ ಕಾನ್ವೆಂಟಿನ ಸಿಸ್ಟರ್‌ಗಳು ಕೊಟ್ಟ ದೊಡ್ಡ ಪುಸ್ತಕ, ಪೂರ್ತಿ ಬೈಬಲ್ಲು ಐತಿ, ಅದ್ರಾಗ ಎಲ್ಲಾ ಐತಿ. ಅರವತ್ತಮೂರರಾಗ ಒಂಬತ್ತು, ಹತ್ತು, ಹನ್ನೊಂದನೇ ವಚನ ನಿನ್ನವರು ಬಿಟ್ಟಾರ. ನಾನು ಆ ಮೂರೂ ವಚನ ಓದಿ ಎರ್ರಿಯಪ್ಪನ ಹೆಸರು ಹೇಳಿದೆ. ಏನೈತಿ ಅದ್ರಾಗ ಅಂತ ಬರಿಯಂಗಿಲ್ಲ. ಸಾಹೇಬ್ರು ಓದ್ತಾರ.

ಕೂಸಿನ ಮಾತು ತೆಗೆದಿ. ಆಸ್ಪತ್ರಿಯಾಗ ಬಟ್ಟಿ ಸುತ್ತಿ ನನ್ನ ಕೈಗೆ ಕೊಟ್ಟಿದ್ರು. ನೀನು ನೋಡಲಿಲ್ಲ. ಉಗುರು ಇದ್ವು ಅಕ್ಕ. ಬುಕ್ಕಸಾಗರದ ಹೊಳಿ ದಂಡಿಗೆ ಕೈಲೇ ಮಣ್ಣು ತೋಡಿ ಇಟ್ಟೆ. ನನ್ನ ಎದಿ ಸುಡೋದು ಅಲ್ಲಿಂದ. ಅದು ಆರಂಗಿಲ್ಲ.

ಒಮ್ಮೆ ಬಂದು ಮಾರಿ ತೋರಸು. ರೈಸ್‌ಮಿಲ್ಲು ನಿನ್ನ ಬಿಟ್ರ ನಿಲ್ತದೇನು?

ಹುಲಿಗೇಶ್


ಕಂಪ್ಲಿ
14 ಮಾರ್ಚ್ 2024

ತಮ್ಮಗ,

ಭಾಳ ದಿನ ಆತು ಬರಿಯಾಕ. ಮಿಲ್ಲಿನ ಬೆಲ್ಟಿಗೆ ಸಿಕ್ಕು ಬಲಗೈ ಎರಡು ಬೆರಳು ಮುರದಿದ್ವು. ಈಗ ಕೂಡ್ಯಾವ, ಅಕ್ಷರ ಮಾತ್ರ ಕೋಳಿ ಕೆದರಿದಂಗ ಬರ್ತಾವ. ನೀ ನಗಬ್ಯಾಡ, ನಿನ್ನ ಅಕ್ಷರ ಮೊದಲಿಂದಾನೂ ಹಂಗ.

ನೀನು ಅವನ ಹೆಸರು ಹಿಡಿದೆ ಅಂದದ್ದು ಓದಿ ಪತ್ರ ಕಣ್ಣಿಗೆ ಒತ್ತಿಕೊಂಡೆ. ಕೊಟ್ಟ ವಚನ ಸಾಲದು ಅಂತ ಮುಂದಿನವೂ ಹೇಳ್ತೀಯಲ್ಲೋ! ಫಾದರ್‌ಗೆ ಹೇಳಿದೆ, "ನನ್ನ ತಮ್ಮ ವೈರಿ ಸಲುವಾಗಿ ದಿನಾ ಪ್ರಾರ್ಥನೆ ಮಾಡ್ತಾನ್ರಿ" ಅಂತ. ಅವ್ರು ಭಾನುವಾರ ಪ್ರಸಂಗದಾಗ ನಿನ್ನ ಹೆಸರು ಹೇಳದೆ ನಿನ್ನ ಮಾತೇ ಹೇಳಿದ್ರು. ಮಂದಿ ಎಲ್ಲಾ ಹೌದು ಹೌದು ಅಂತ ತಲಿ ಆಡಿಸಿದ್ರು. ನಾನು ಸೆರಗು ಬಾಯಿಗೆ ಹಿಡಕೊಂಡು ಕುಂತಿದ್ದೆ.

ಅವತ್ತಿನ ಕೀರ್ತನೆ ನೂರಾ ಮೂವತ್ತೇಳು. ಸೆರೆ ಹೋದ ಮಂದಿ ಬ್ಯಾರೆ ದೇಶದ ಹೊಳಿ ದಂಡಿಗೆ ಕುಂತು ತಮ್ಮೂರು ನೆನಸಿ ಅತ್ತರಂತ. ಹೊಳಿ ದಂಡಿ ಅಂದಕೂಡ್ಲೇ ನಂಗ ನಮ್ಮ ಕೂಸು ನೆನಪಾತು. ಪುಸ್ತಕದಾಗ ಆರನೇ ವಚನಕ್ಕ ನಿಲ್ಲಸ್ಯಾರ. ಮುಂದ ಏನೈತೋ, ಒಳ್ಳೇದ ಇರ್ತದ. ನೀ ಓದಿ ನನ್ನ ಪಾಲಿಂದೂ ಹೇಳು.

ಇನ್ನೊಂದು. ಸಕ್ಕರಿ ಕಾಯಿಲಿ ಇದ್ದವರ ಹುಣ್ಣು ಕೊಳಿಯಾಕ ಹತ್ತಿದ್ರ ಏನು ಹಚ್ಚಬೇಕು, ಅಲ್ಲಿ ಡಾಕ್ಟರನ್ನ ಕೇಳಿ ಬರಿ. ಪಕ್ಕದ ಮನಿ ಪಕೀರಮ್ಮಗ ಬೇಕಾಗೈತಿ. ಜಲ್ದಿ ಬರಿ, ಭಾಳ ನಾರ್ತದ.

ಸುಂಕಲಮ್ಮ


ಬಳ್ಳಾರಿ ಜೈಲು
31 ಮಾರ್ಚ್ 2024

ಅಕ್ಕಗ,

ಇವತ್ತು ಪಾಸ್ಕ ಹಬ್ಬ, ಏಸುಸ್ವಾಮಿ ಎದ್ದು ಬಂದ ದಿನ. ಸಿಸ್ಟರ್‌ಗಳು ಬಂದು ಕೇಕು ಕೊಟ್ರು.

ನೀ ಹೇಳಿದಂಗ ನಿನ್ನ ಪಾಲಿಂದೂ ಹೇಳಿದೆ. ನೂರಾ ಮೂವತ್ತೇಳು, ಏಳು ಎಂಟು ಒಂಬತ್ತು. ಒಂಬತ್ತನೇದನ್ನ ಮೊಣಕಾಲೂರಿ ಹೇಳಿದೆ. ನಿನ್ನ ಹೆಸರು, ಕೂಸಿನ ಹೆಸರು, ಆಮ್ಯಾಲ ಅವನ ಹೆಸರು. ಕೂಸಿಗೆ ಹೆಸರಿಲ್ಲಲ್ಲ, ನಾನೇ ಒಂದು ಇಟ್ಟೆ. ಏನಿಟ್ಟೆ ಅಂತ ಹೊರಗ ಬಂದಾಗ ಹೇಳ್ತೀನಿ.

ಅಕ್ಕ, ಈ ವಚನ ಬರೆದವನ್ನ ಯಾರೋ ನಮ್ಮಂಗ ಹೊಡದಿರಬೇಕು. ಉಳಿದ ಪ್ರಾರ್ಥನೆ ಎಲ್ಲಾ ಹೊಟ್ಟಿ ತುಂಬಿದವ್ರು ಮಾಡಿದಂಗ ಇರ್ತಾವ. ಇವು ನನ್ನ ಬಾಯಿಗೆ ಸರಿಯಾಗಿ ಕುಂದ್ರತಾವ. ಹೇಳಿದ ಮ್ಯಾಲ ಮೈ ಬಿಸಿ ಆಗ್ತದ. ಹೊರಗ ಬಂದು ಮಾಡೋ ಕೆಲಸ ಒಂದೈತಿ, ಅಲ್ಲಿತನಕ ದೇವರಿಗೆ ನೆನಪು ಮಾಡ್ತಿರ್ತೀನಿ.

ಹುಣ್ಣನ್ನ ಉಪ್ಪುನೀರಿನಾಗ ತೊಳದು ಒಣಗಿಸಿ ಪಟ್ಟಿ ಕಟ್ಟಬೇಕಂತ, ಇನ್ಸುಲಿನ್ ತಪ್ಪಿಸಬಾರದಂತ. ಪಕೀರಮ್ಮಗ ಹೇಳು.

ಹುಲಿಗೇಶ್


ಬಳ್ಳಾರಿ ಜೈಲು
28 ಏಪ್ರಿಲ್ 2024

ಸುಂಕಲಮ್ಮಗ,

ಕಂಪ್ಲಿ ಪರಶುರಾಮ್ ಅಂತ ಒಬ್ಬವ ಮರಳು ಕದ್ದ ಕೇಸಿನಾಗ ಒಳಗ ಬಂದಾನ. ನಿನ್ನ ಓಣಿಯವ. "ನಿಮ್ಮ ಅಕ್ಕ ಭಾಳ ಪುಣ್ಯವಂತಿ ಬಿಡಪ್ಪ. ಕುಂಟ ಗಂಡನ್ನ ಹೆಗಲ ಮ್ಯಾಲ ಹೊತ್ತು ಸಂಡಾಸಕ್ಕ ಒಯ್ತಾಳ" ಅಂದ. ನಾನು ಅವನ ಕುತಿಗಿ ಹಿಡಿದೆ. ನಾಲ್ಕು ಮಂದಿ ಬಂದು ಬಿಡಿಸಿದ್ರು. ನನ್ನ ಹಲ್ಲಿನಾಗ ಅವನ ಕಿವಿ ಚರ್ಮ ಇತ್ತು.

ರೈಸ್‌ಮಿಲ್ಲಿಲ್ಲ, ರೂಮಿಲ್ಲ. ಪಕೀರಮ್ಮನ ಹುಣ್ಣೂ ಇಲ್ಲ. ಅದು ಅವನ ಹುಣ್ಣು. ನಾನು ಕಡದದ್ದಕ್ಕ ನನ್ನ ಕೈಲೇ ಔಷಧಿ ಕೇಳಿಸಿದಿ! ಥೂ ನಿನ್ನ ಜನ್ಮಕ್ಕ. ನಾಯಿ ಬಾಲ ಡೊಂಕು ಅಂತಾರ, ನಿನ್ನ ಬಾಲಾನೂ ಡೊಂಕು. ಒದ್ದ ಕಾಲನ್ನ ಕಡದು ಕೊಟ್ರ, ಉಳಿದ ಕಾಲು ಒತ್ತಾಕ ಕುಂತೀಯಲ್ಲ. ನನ್ನ ಮೂರು ವರ್ಷ ನಾಯಿ ತಿಂತು.

ಇನ್ನ ಮುಚ್ಚಿ ಬರಿಯಂಗಿಲ್ಲ. ಸಾಹೇಬ್ರು ಓದಲಿ. ನೀ ಹೋಗಿ ದೊಡ್ಡ ಪುಸ್ತಕ ತೆರೆದು ನೋಡು, ನಾನು ಅವನ ಹೆಸರು ಹಿಡಿದು ಏನೇನು ಬೇಡೀನಿ ಅಂತ. ಮೊದಲು ಅದನ್ನ ಬೇಡೀನಿ, ಹೊರಗ ಬಂದ್ರ ಮಾಡ್ತೀನಿ. ಅಡ್ಡ ಬಂದ್ರ ನೀನೂ ಇಲ್ಲ.

ನನಗ ಪತ್ರ ಬರಿಬ್ಯಾಡ.


ಪೊಲೀಸ್ ಠಾಣೆ, ಕಂಪ್ಲಿ
25 ಜೂನ್ 2024

ಹುಲಿಗೇಶ,

ಬರಿಬ್ಯಾಡ ಅಂದಿ, ಬರೀತೀನಿ. ಏನು ಮಾಡ್ಕೋತೀಯೋ ಮಾಡ್ಕೋ. ಹೆಣ್ಣು ಪೊಲೀಸು ಗಂಗಾಂಬಿಕಾ ಅಂತ, ಆಕಿ ಹಾಳಿ ಕೊಟ್ಟು ಕುಂದ್ರವ್ವ ಅಂದಾಳ. ಜೈಲಿನ ಸಾಹೇಬ್ರೇ, ನೀವೂ ಓದ್ರಿ, ಮುಚ್ಚೋದು ಏನೂ ಉಳಿದಿಲ್ಲ. ನಾನು ಇಲ್ಲಿ ಕುಂತು ಹೇಳಿದ್ದೂ ಇದೇ.

ನಿನ್ನ ಬೈಗಳ ಓದಿದ ದಿನ ಚರ್ಚಿಗೆ ಹೋಗಿ ದೊಡ್ಡ ಪುಸ್ತಕ ತೆಗೆಸಿದೆ. ನೀ ಹೇಳಿದ ವಚನ ಒಂದೊಂದೇ ಬೆರಳು ಹಚ್ಚಿ ಓದಿದೆ. ನನ್ನ ಜೀವ ತೆಗೆಯಾಕ ಬಂದವ್ರು ಕತ್ತಿಗೆ ಬೀಳ್ತಾರ, ಅವರ ಹೆಣ ನರಿ ತಿಂತಾವ. ವೈರಿಯೇ, ನಿನ್ನ ಕೂಸುಗಳನ್ನ ಬಂಡೆಗಲ್ಲಿಗೆ ಅಪ್ಪಳಿಸಿದವ ಧನ್ಯ. ಅಯ್ಯೋ ನಮ್ಮಪ್ಪ! ನಾನು ಊರಿಗೆಲ್ಲಾ ತಮ್ಮ ವೈರಿಗೆ ಆಶೀರ್ವಾದ ಮಾಡ್ತಾನ ಅಂತ ಹೇಳಿಕೊಂಡು ತಿರುಗೀನಿ. ಅಳಬೇಕೋ ನಗಬೇಕೋ ತಿಳೀಲಿಲ್ಲ. ಫಾದರನ್ನ ಕೇಳಿದೆ, "ಈ ವಚನ ಯಾಕ್ರಿ ಬಿಟ್ಟೀರಿ?" ಅಂತ. "ಅಂಥ ಮಾತು ಭಕ್ತರ ಬಾಯಿಗೆ ಬ್ಯಾಡ ಅಂತ ಹಿರಿಯರು ಬಿಟ್ಟಾರವ್ವ" ಅಂದ್ರು. "ಬಿಟ್ಟ ಹಿರಿಯರ ಹೊಟ್ಟಿಗೆ ಯಾರಾದ್ರೂ ಒದ್ದಿದ್ರೇನ್ರಿ?" ಅಂದೆ. ಪಾಪ, ಅವ್ರು ಒಳ್ಳೇರು. ಪುಸ್ತಕ ಮನಿಗೆ ಒಯ್ಯಿ ಅಂದ್ರು.

ಈಗ ನನ್ನ ಮಾತು ಕೇಳು. ನೀನು ಅವನ್ನ ಕಡದ ವಾರ ನಿನ್ನ ವಕೀಲರು ನನ್ನ ಕರದು ಹೇಳಿದ್ರು: "ಅವ ಬದುಕಿರೋತನಕ ಇದು ಕಡದ ಕೇಸು. ಆ ಗಾಯದಿಂದ ಸತ್ತರ ಕೊಲಿ ಕೇಸು. ನಿನ್ನ ತಮ್ಮ ಹೊರಗ ಬರಂಗಿಲ್ಲ." ಎರ್ರಿಯಪ್ಪಗ ಸಕ್ಕರಿ ಕಾಯಿಲಿ, ಗಾಯ ಮಾಯಲಿಲ್ಲ. ಅವರವ್ವ ಸತ್ತಳು, ಅವನ ಕಡಿಯವ್ರು ಯಾರೂ ಬಾಗಿಲಿಗೆ ಬರಲಿಲ್ಲ. ಯಾರು ನೋಡಬೇಕಿತ್ತು? ನಾ ನೋಡಿದೆ. ಕೀವು ತೊಳದೆ, ಸೂಜಿ ಚುಚ್ಚಿದೆ, ಹೇಲು ಬಳದೆ. ನೀ ತಿಳಕೊಂಡಂಗ ಗಂಡ ಅಂತ ಅಲ್ಲ. ಅವ ಉಸಿರಾಡಿದಷ್ಟು ದಿನ ನೀ ಉಳಿತಿದ್ದಿ, ಅದಕ್ಕ.

ಆ ಭಾಡ್ಯಾಗೂ ಅದು ಗೊತ್ತಾತು. ಸಾರಾಯಿಗೆ ರೊಕ್ಕ ಕೊಡಲಿಲ್ಲ ಅಂದ್ರ ಪಟ್ಟಿ ಕಿತ್ತು ಹುಣ್ಣಿಗೆ ಮಣ್ಣು ಹಚ್ಚಿಕೊಳ್ಳೋನು. "ಸಾಯ್ತೀನಿ ನೋಡು, ನಿನ್ನ ತಮ್ಮನ್ನ ಗಲ್ಲಿಗೆ ಹಾಕಸ್ತೀನಿ" ಅನ್ನೋನು. ನಾನು ಅವನ ಕಾಲಿಗೆ ಬಿದ್ದು, ಇದ್ದ ಒಂದು ಕಾಲಿಗೆ ಬಿದ್ದು, ಪಟ್ಟಿ ಕಟ್ಟತಿದ್ದೆ. ಬೆರಳು ಮುರದದ್ದು ಬೆಲ್ಟಲ್ಲ, ಊರುಗೋಲಿನ ಏಟು. ಫೋನು ನೀರಾಗ ಬಿದ್ದಿಲ್ಲ, ಗೋಡಿಗೆ ಬಡದ. ನಿನಗ ಬರದಿದ್ರ ನೀ ಒಳಗ ಕುಂತು ಏನು ಮಾಡ್ತಿದ್ದಿ? ಇನ್ನೊಬ್ಬರ ಕಿವಿ ಕಚ್ಚತಿದ್ದಿ. ಅದಕ್ಕ ಬರೀಲಿಲ್ಲ.

ಹೋದ ಬುಧವಾರ ತೀರ್ಪು ಬಂತು. ಮೂರು ವರ್ಷ, ಒಳಗಿದ್ದ ಕಾಲ ಕಳದು. ನಾನು ಕೋರ್ಟಿನಾಗ ಹಿಂದ ನಿಂತಿದ್ದೆ. ನೀ ನನ್ನ ಕಡಿ ನೋಡಿ ಉಗುಳಿದಿ. ಉಗುಳು. ನನಗ ಅವತ್ತು ಎಷ್ಟು ಹಗುರ ಆಗಿತ್ತಂದ್ರ, ಬಸ್ಸಿನಾಗ ಕುಂತು ಒಬ್ಬಾಕೀನೇ ನಕ್ಕೆ. ನೀ ಪಾರಾದಿ. ಇನ್ನ ಅವ ಸಾಯಲಿ ಬಿಡಲಿ ನನಗೇನು?

ನಿನ್ನೆ ಸೋಮವಾರ ಮುಂಜಾನೆ ವಾಚನ ನೂರಾ ಮೂವತ್ತೊಂಬತ್ತು. ತಾಯಿ ಹೊಟ್ಟಿಯಾಗ ನನ್ನ ಹೆಣೆದವ ನೀನು ಅಂತ ಬರ್ತದ. ಹೊಟ್ಟಿ ಅಂದಕೂಡ್ಲೇ ನಾನು ಪುಸ್ತಕ ಬಿಟ್ಟದ್ದನ್ನೂ ಓದಿದೆ. ದೇವರೇ, ದುಷ್ಟನ್ನ ಕೊಂದುಬಿಟ್ರ ಎಷ್ಟು ಚೆಂದ. ಅವನ ಎದುರಿಗೇ ನಿಂತು, ದನಿ ತೆಗೆದು, "ಎರ್ರಿಯಪ್ಪ" ಅಂತ ಹೆಸರು ಹಿಡಿದು ಓದಿದೆ. ಅವ ಸುಮ್ಮನಿದ್ದಿದ್ರ ಅಲ್ಲಿಗೇ ಮುಗೀತಿತ್ತು. ಅಷ್ಟು ದಿನದ ವಿಷ ಬಾಯಿಂದ ಹೋಗಿ, ಚಾ ಕಾಸಾಕ ಒಲಿ ಹಚ್ಚಿದ್ದೆ. ಅವ ಮಾತ್ರ ಮಾಟ ಮಾಡಾಕ ಹತ್ತ್ಯಾಳ ಅಂದುಕೊಂಡ. ಮಾರಿ ಬೂದಿ ಆಗಿತ್ತು. "ನನಗ ಶಾಪ ಹಾಕ್ತೀಯೇನಲೇ" ಅಂತ ಊರುಗೋಲು ಬೀಸಿದ. ಕಿವಿಗೆ ಬಿತ್ತು. ಈಗಲೂ ಆ ಕಿವಿ ಕೇಳಂಗಿಲ್ಲ.

ಊರುಗೋಲು ಕಸಗೊಂಡೆ. ಬಾಯಿಗೆ ಹೊಡದೆ. ಹಲ್ಲು ಒಲಿ ಮುಂದ ಬಿದ್ದು ಉರುಳಿದ್ವು. ಅಲ್ಲಿಗೆ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಇನ್ನೊಂದು ಏಟು ಕೂಸಿನ ಸಲುವಾಗಿ, ಮತ್ತೊಂದು ಏಟು ಬೆರಳಿನ ಸಲುವಾಗಿ, ಆಮ್ಯಾಲ ಯಾತರ ಸಲುವಾಗಿ ಹೊಡದೆನೋ ನೆನಪಿಲ್ಲ. ತಲಿಗೆ ಬಿದ್ದಾಗ ಊರುಗೋಲು ಎರಡು ತುಂಡಾತು. ಕಿವಿಯಿಂದ ರಕ್ತ ಬಂತು, ಕಣ್ಣು ಮ್ಯಾಲ ಹೋತು. ಹಾವೂ ಸಾಯಬಾರದು ಕೋಲೂ ಮುರೀಬಾರದು ಅಂತಾರಲ್ಲ. ಕೋಲಂತೂ ಮುರೀತು.

ನಾನೇ ಹೊತ್ತು ಆಟೋಕ್ಕ ಹಾಕಿದೆ. ಹೊಸಪೇಟೆ ಆಸ್ಪತ್ರಿಯಾಗ ಸೇರಿಸಿ, ಬಂದು ಇಲ್ಲಿ ಕುಂತೀನಿ. ಗಂಗಾಂಬಿಕಾ ಹೇಳಿದಳು: "ಅವ ಬದುಕಿದ್ರ ಬ್ಯಾರೆ ಕೇಸವ್ವ. ಸತ್ರ ನಿಂದು ಕೊಲಿ." ನಿನ್ನ ವಕೀಲರು ಹೇಳಿದ ಮಾತೇ ಆಕಿ ಬಾಯಿಂದ ಬಂತು.

ಮುಂದಿನ ವಾರ ನಿನ್ನ ಬಿಡ್ತಾರ. ನೀ ಏನು ಮಾಡಾಕ ಬರ್ತೀಯಂತ ನನಗ ಗೊತ್ತು. ಅವ ಅಲ್ಲಿ ಮಂಚದ ಮ್ಯಾಲ ಒಬ್ಬನೇ ಬಿದ್ದಾನ, ಕೈ ಎತ್ತಂಗಿಲ್ಲ, ಕೇಳೋರಿಲ್ಲ. ನಿನ್ನ ಕೆಲಸ ಅಷ್ಟು ಸುಲಭ ಮಾಡಿಟ್ಟೀನಿ. ಆದ್ರ ತಮ್ಮಾ, ಅವ ಸತ್ತರ ನಾನು ಹೋದೆ. ಹೋಗಿ ಅವನ ಹತ್ರ ಕುಂದ್ರು. ಬಾಯಿಗೆ ಗಂಜಿ ಬಿಡು. ಹುಣ್ಣು ತೊಳಿ, ವಾಸನಿಗೆ ಮೂಗು ಕಟ್ಟಿಕೋ. ಸೂಜಿ ಎಡಗೈಗೆ ಚುಚ್ಚು, ಬಲಗೈ ಚುಚ್ಚಿ ಚುಚ್ಚಿ ಗಂಟಾಗೈತಿ. ಅವನ್ನ ಉಳಿಸು. ಅವನಿಗಲ್ಲ, ನನಗ.

ನಿನ್ನ ಅಕ್ಕ


ಆಸ್ಪತ್ರೆ, ಹೊಸಪೇಟೆ
9 ಜುಲೈ 2024

ಜೈಲಿನ ಹೆಣ್ಣುಮಕ್ಕಳ ವಾರ್ಡಿನಾಗ ಇರುವ ಅಕ್ಕ ಸುಂಕಲಮ್ಮಗ, ತಮ್ಮ ಹುಲಿಗೇಶ್ ಕಾಲು ಮುಟ್ಟಿ ಬರೆಯೋದು.

ಸುಳ್ಳು ಬರಿಯಂಗಿಲ್ಲ. ಬಸ್ಸಿನಾಗ ಬರೋವಾಗ ನಿನ್ನ ಪತ್ರ ಅಂಗಿ ಜೇಬಿನಾಗ ಇತ್ತು, ಆದ್ರೂ ತಲಿಯಾಗ ದಿಂಬು ಇತ್ತು. ಮಾರಿಗೆ ದಿಂಬು ಒತ್ತಿ ಒಂದು ಗಳಿಗಿ ಕುಂತ್ರ ಸಾಕು. ತೋರಣಗಲ್ಲು ದಾಟೋತನಕ ಅದೇ ಯೋಚನಿ. ಕೋರ್ಟಿನಾಗ ನಾನು ಉಗುಳಿದಾಗ ನೀ ನಕ್ಕಂಗ ಕಂಡಿತ್ತು. ಹುಚ್ಚು ಹಿಡದೈತಿ ಇವಳಿಗೆ ಅಂದುಕೊಂಡಿದ್ದೆ. ಯಾಕ ನಕ್ಕಿ ಅಂತ ಈಗ ಗೊತ್ತಾತು. ಬಸ್ಸಿನಾಗ ಮಂದಿ ಮುಂದ ಮಾರಿಗೆ ಟವೆಲ್ ಹಾಕ್ಕೊಂಡು ಕುಂತೆ.

ವಾರ್ಡಿಗೆ ಹೋದಾಗ ಅವ ಕಣ್ಣು ಬಿಟ್ಟ. ನನ್ನ ನೋಡಿದ. ಮಾತು ಬರಂಗಿಲ್ಲ ಅವಂಗ. ಹಾಸಿಗಿ ಒದ್ದಿ ಆತು. ನಾನು ಮುಂದ ಬಂದಷ್ಟೂ ಗೋಡಿ ಕಡಿ ಸರಿಯಾಕ ನೋಡಿದ. ನೋಡಿ ನನಗ ಮಸ್ತ್ ಖುಷಿ ಆತು, ಅದನ್ನೂ ಬರೀತೀನಿ. ಆಮ್ಯಾಲ ಚಾದರ ಬದಲಿ ಮಾಡಿದೆ.

ಗಂಜಿ ಬಿಟ್ರ ಹೊರಗ ಉಗುಳತಾನ. ನಾ ವಿಷ ಹಾಕೀನಿ ಅಂತ ಅವನ ಅಂಜಿಕಿ. ಮೊದಲ ಚಮಚ ನಾನು ಕುಡದು ತೋರಸ್ತೀನಿ, ಆಮ್ಯಾಲ ಅವಂಗ. ಹುಣ್ಣು ತೊಳಿಯೋವಾಗ ನನ್ನ ಮಚ್ಚು ಎಲ್ಲಿ ಬಿದ್ದಿತ್ತಂತ ಕಾಣಸ್ತದ. ನಾ ಮಾಡಿದ್ದನ್ನ ನೀ ಮೂರು ವರ್ಷ ತೊಳದಿ.

ಇವತ್ತು ಮುಂಜಾನೆ ಅವನ ಉಸಿರು ನಿಂತಂಗಾತು. ತುಟಿ ನೀಲಿ ಆದ್ವು. ನರ್ಸಮ್ಮ ಓಡಿ ಹೋದ್ಲು ಡಾಕ್ಟರನ್ನ ಕರಿಯಾಕ. ಒಬ್ಬನೇ ಇದ್ದೆ ಅಕ್ಕ. ಎರಡು ಕೈಲೇ ಅವನ ಎದಿ ಒತ್ತಿದೆ, ಎಲುಬು ಕಟ್ ಅಂದ್ರೂ ಬಿಡಲಿಲ್ಲ. ಪ್ರಾರ್ಥನೆ ಮಾಡಬೇಕಂದ್ರ ಒಂದು ವಚನಾನೂ ಬಾಯಿಗೆ ಬರಲಿಲ್ಲ. "ಸಾಯಬ್ಯಾಡಲೇ ಎರ್ರಿಯಪ್ಪ, ನಿನ್ನ ಕಾಲಿಗೆ ಬೀಳ್ತೀನಿ, ಸಾಯಬ್ಯಾಡ" ಅಂತ ಒದರಿದೆ. ವಾರ್ಡಿನ ಮಂದಿ ಎಲ್ಲಾ ಎದ್ದು ನಿಂತ್ರು. ಉಸಿರು ಬಂತು.

ಡಾಕ್ಟರು ನೋಡಿ, "ಉಳಕೋತಾನ, ಯಾರಪ್ಪ ನೀನು, ತಮ್ಮನೇನು?" ಅಂದ್ರು. ಹೂಂ ಅಂದೆ. ಹೊರಗ ಬಂದು ಗೋಡಿಗೆ ಒರಗಿ ಕುಂತು ಗಟ್ಟಿಯಾಗಿ ಅತ್ತೆ. ನಿನ್ನ ಸಲುವಾಗಿ ಅತ್ತೆ ಅಂತ ಬರಿಯಾಕ ಪೆನ್ನು ಹಿಡದಿದ್ದೆ. ಪೂರ್ತಿ ಖರೆ ಅಲ್ಲಕ್ಕ ಅದು.

ಹುಲಿಗೇಶ್